ಶಿಕ್ಷಕರ ಮುಷ್ಕರ: ಹಕ್ಕು ಯಾರದು, ನಷ್ಟ ಯಾರದು?

ಸೂರತ್: 2025ರ ಮಾರ್ಚ್ 30ರಂದು ಇಲ್ಲಿನ ವಜ್ರ ಕಾರ್ಮಿಕರು ಕೂಲಿ ಹೆಚ್ಚಳ ಹಾಗೂ ಪರಿಹಾರ ಪ್ಯಾಕೇಜ್‌ಗೆ ಆಗ್ರಹಿಸಿ ಮುಷ್ಕರಕ್ಕಿಳಿದು, ಕತಾರ್‌ಗಾಮ್‌ನಿಂದ ಕಾಪೋದ್ರಾದ ಹೀರಾಬಾಗ್‌ವರೆಗೆ ಮೆರವಣಿಗೆ ನಡೆಸಿದ್ದರು. ಬಳಿಕ ಮೇ ತಿಂಗಳಲ್ಲಿ ಗುಜರಾತ್ ಸರಕಾರ ನೆರವು ಪ್ರಕಟಿಸಿತು. ಕೆಲಸ ಕಳಕೊಂಡ ರತ್ನಕಲಾಕಾರರ ಮಕ್ಕಳ ಒಂದು ವರ್ಷದ ಶಾಲಾ ಶುಲ್ಕವನ್ನು 13,500 ರೂ. ಮಿತಿಯಲ್ಲಿ ಸರಕಾರವೇ ಭರಿಸುವುದೂ ಅದರಲ್ಲಿ ಸೇರಿತ್ತು. ವಜ್ರ ಉಜ್ಜುವ ಕಾರ್ಮಿಕ ಕೆಲಸ ನಿಲ್ಲಿಸಿ ಬೀದಿಗಿಳಿಯಬಹುದಾದರೆ, ಆತನ ಮಕ್ಕಳಿಗೆ ಪಾಠ ಹೇಳುವ ಸರಕಾರಿ ಶಾಲೆಯ ಶಿಕ್ಷಕನೂ ಹಾಗೆ ಮಾಡಬಹುದೇ?

ಮಾಡುವಂತಿಲ್ಲ ಎನ್ನುತ್ತದೆ ಕಾನೂನು. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲಿಯೇ, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ತೀರ್ಪಿತ್ತಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಕಾರ್ಖಾನೆಯ ಕಾರ್ಮಿಕರು 14 ದಿನಗಳ ನೋಟಿಸು ಕೊಟ್ಟು ಮುಷ್ಕರ ಹೂಡಬಹುದು. ಸರಕಾರಿ ಶಿಕ್ಷಕರಿಗೆ ಈ ದಾರಿಯೂ ಇಲ್ಲ. ಗುಜರಾತ್ ಇರಲಿ, ಕರ್ನಾಟಕ ಇರಲಿ, ಸರಕಾರಿ ನೌಕರರ ನಡತೆ ನಿಯಮಗಳು ಮುಷ್ಕರವನ್ನು ನಿಷೇಧಿಸಿವೆ.

ಇದರ ಬಿಸಿ ತಟ್ಟಿದ್ದು ತಮಿಳುನಾಡಿನಲ್ಲಿ. 2003ರ ಜುಲೈಯಲ್ಲಿ ಅಲ್ಲಿನ ಸರಕಾರಿ ನೌಕರರು ಮತ್ತು ಶಿಕ್ಷಕರು ಮುಷ್ಕರ ಹೂಡಿದಾಗ ಜಯಲಲಿತಾ ಸರಕಾರ ಸುಮಾರು 1.7 ಲಕ್ಷ ಮಂದಿಯನ್ನು ವಜಾಗೊಳಿಸಿತು. ಅದೇ ವರ್ಷದ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್, ಸರಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಾಗಲಿ, ಕಾನೂನುಬದ್ಧ ಅಥವಾ ನೈತಿಕ ಹಕ್ಕಾಗಲಿ ಇಲ್ಲವೆಂದು ಹೇಳಿತು. ಕ್ಷಮೆ ಯಾಚಿಸಿ ಮುಚ್ಚಳಿಕೆ ಬರೆದುಕೊಟ್ಟ ಬಳಿಕವೇ ಬಹುತೇಕರು ಕೆಲಸಕ್ಕೆ ಮರಳಿದರು.

ಕಾನೂನು ಒಂದು, ನಡವಳಿಕೆ ಇನ್ನೊಂದು

ಇಷ್ಟಾದರೂ ಮುಷ್ಕರಗಳು ನಿಂತಿಲ್ಲ. ಏಳನೇ ವೇತನ ಆಯೋಗ ಹಾಗೂ ಹಳೆ ಪಿಂಚಣಿಗಾಗಿ ಕರ್ನಾಟಕದ ಸರಕಾರಿ ನೌಕರರು 2023ರ ಮಾರ್ಚ್ 1ರಂದು ಮುಷ್ಕರ ಹೂಡಿದರು. ಅದೇ ದಿನ ಸರಕಾರ ಶೇ. 17ರ ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರವೂ ಮುಗಿಯಿತು. ಅದೇ ತಿಂಗಳು ಮಹಾರಾಷ್ಟ್ರದಲ್ಲಿ ಶಿಕ್ಷಕರೂ ಸೇರಿದ್ದ ನೌಕರರ ಮುಷ್ಕರ ಒಂದು ವಾರ ನಡೆಯಿತು. ಅದು ಬೋರ್ಡ್ ಪರೀಕ್ಷೆಯ ಸಮಯವಾಗಿದ್ದು, ಪಾಲಕರಿಗೆ ಆದ ಆತಂಕ ಅಷ್ಟಿಷ್ಟಲ್ಲ.

ಗುಜರಾತ್‌ನಲ್ಲಿಯೂ ಕತೆ ಬೇರೆಯಲ್ಲ. ಹಳೆ ಪಿಂಚಣಿಯ ಬೇಡಿಕೆಯೊಂದಿಗೆ 2022ರ ಸೆಪ್ಟೆಂಬರ್‌ನಲ್ಲಿ ಶಿಕ್ಷಕರು ಸಾಮೂಹಿಕ ರಜೆ ಹಾಕಿದರು. 2005ರ ಎಪ್ರಿಲ್ 1ಕ್ಕೆ ಮೊದಲು ನೇಮಕಗೊಂಡವರಿಗಾದರೂ ಹಳೆ ಪಿಂಚಣಿ ಕೊಡುವ ತೀರ್ಮಾನಕ್ಕೆ ಸಚಿವ ಸಂಪುಟದ ಒಪ್ಪಿಗೆ ಸಿಗಲು 2024ರ ಅಕ್ಟೋಬರ್ ಬರಬೇಕಾಯಿತು. ಮನವಿ ಕೊಟ್ಟರೆ ಕಡತ ಅಲುಗಾಡದು, ಶಾಲೆಯ ಬಾಗಿಲು ಮುಚ್ಚಿದರೆ ಮಂತ್ರಿಗಳೇ ಮಾತುಕತೆಗೆ ಕರೆಯುತ್ತಾರೆ ಎಂಬ ಪಾಠವನ್ನು ಶಿಕ್ಷಕರಿಗೆ ಕಲಿಸಿದವರು ಆಳುವವರೇ. ಮುಷ್ಕರ ಕಾನೂನುಬಾಹಿರವೆಂದು ಹೇಳುತ್ತ, ಮುಷ್ಕರಕ್ಕೆ ಮಾತ್ರ ಮಣಿಯುವ ಈ ಪದ್ಧತಿ ಯಾರಿಗೂ ಶೋಭೆ ತರುವಂಥದ್ದಲ್ಲ.

ಪೆಟ್ಟು ಬೀಳುವುದು ಯಾರಿಗೆ?

ವಜ್ರದ ಘಟಕ ಮುಚ್ಚಿದರೆ ನಷ್ಟ ಮಾಲಕರಿಗೆ. ಆದ್ದರಿಂದಲೇ ಅವರು ಮಾತುಕತೆಗೆ ಬರುತ್ತಾರೆ. ಸರಕಾರಿ ಶಾಲೆ ಮುಚ್ಚಿದರೆ ಸರಕಾರದ ಬೊಕ್ಕಸಕ್ಕೆ ನಷ್ಟವಿಲ್ಲ. ಆ ದಿನದ ಸಂಬಳ ಕಡಿತಗೊಂಡರೆ ಉಳಿತಾಯವೇ ಸರಿ. ಕಳಕೊಳ್ಳುವುದು ಮಕ್ಕಳು, ಅದೂ ಬಡವರ ಮಕ್ಕಳು. ಪಾಠದ ಜತೆಗೆ ಮಧ್ಯಾಹ್ನದ ಬಿಸಿಯೂಟವೂ ತಪ್ಪುತ್ತದೆ. ದಿನಗೂಲಿಯ ತಾಯಿ ಮನೆಯಲ್ಲಿ ಉಳಿಯಬೇಕು, ಇಲ್ಲವೇ ಮಗುವನ್ನು ಕೆಲಸದ ಜಾಗಕ್ಕೆ ಕರೆದೊಯ್ಯಬೇಕು. ಖಾಸಗಿ ಶಾಲೆಗೆ, ಟ್ಯೂಶನ್‌ಗೆ ಹೋಗುವವರಿಗೆ ಇದರ ಅರಿವೂ ಆಗದು.

ವಲಸೆ ಬಂದವರ ಪಾಲಿಗಂತೂ ಇದು ಇನ್ನಷ್ಟು ಗಂಭೀರ. ಸೂರತ್ ಮಹಾನಗರಪಾಲಿಕೆಯ ನಗರ ಪ್ರಾಥಮಿಕ ಶಿಕ್ಷಣ ಸಮಿತಿಯು ಗುಜರಾತಿ ಮಾತ್ರವಲ್ಲದೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮಗಳಲ್ಲೂ ಶಾಲೆ ನಡೆಸುತ್ತಿದೆ. ಪರವೂರಿಗೆ ಬಂದು ಮಗ್ಗ, ಕಾರ್ಖಾನೆ, ಹೊಟೇಲುಗಳಲ್ಲಿ ದುಡಿಯುವವರ ಮಕ್ಕಳಿಗೆ ಆ ಶಾಲೆ ಬಿಟ್ಟರೆ ಬೇರೆ ಆಸರೆಯಿಲ್ಲ.

ಆದರೆ ಶಾಲೆಯ ದಿನಗಳು ಮುಷ್ಕರದಿಂದ ಮಾತ್ರ ಹಾಳಾಗುತ್ತಿವೆಯೇ ಎಂಬುದನ್ನೂ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೇ ತರಗತಿವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಹೊರತು ಶಿಕ್ಷಕರನ್ನು ಅನ್ಯ ಕೆಲಸಕ್ಕೆ ಹಚ್ಚಬಾರದು. ಆದರೂ 2025ರಲ್ಲಿ ಕರ್ನಾಟಕ ಸರಕಾರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರನ್ನು ಮನೆಮನೆಗೆ ಕಳುಹಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿತು. ಒಂದು ದಿನದ ಮುಷ್ಕರಕ್ಕೆ ಮಕ್ಕಳ ಭವಿಷ್ಯದ ಮಾತಾಡುವ ಸರಕಾರ, ತನ್ನ ಒಂದೇ ಆದೇಶದಿಂದ ವಾರಕ್ಕೂ ಮಿಕ್ಕಿ ಶಾಲೆ ಮುಚ್ಚಿದ್ದು ಸಣ್ಣ ಸಂಗತಿಯಲ್ಲ. ಗುಜರಾತ್‌ನಲ್ಲಿಯೂ 2025ರ ನವೆಂಬರ್‌ನಿಂದ ಮತದಾರರ ಪಟ್ಟಿ ಪರಿಷ್ಕರಣೆಯ ಹೊರೆ ಬಿದ್ದದ್ದು ಬಹುಪಾಲು ಶಿಕ್ಷಕರ ಹೆಗಲಿಗೇ. ಕಳೆದುಹೋದ ದಿನ ಯಾರ ಕಾರಣದಿಂದ ಹೋದರೂ ಮಗುವಿಗೆ ನಷ್ಟ ಒಂದೇ.

ಹೊರಗಿನ ನಿದರ್ಶನ

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನೆಸ್ಕೊ 1966ರಲ್ಲಿ ಶಿಕ್ಷಕರ ಸ್ಥಾನಮಾನದ ಕುರಿತು ಒಂದು ಶಿಫಾರಸನ್ನು ಅಂಗೀಕರಿಸಿವೆ. ವಿವಾದ ಬಗೆಹರಿಸಲು ಸೂಕ್ತ ಜಂಟಿ ವ್ಯವಸ್ಥೆ ಇರಬೇಕು. ಅದೂ ಸೋತರೆ ಇತರ ಸಂಘಟನೆಗಳಿಗಿರುವ ಮಾರ್ಗಗಳು ಶಿಕ್ಷಕರಿಗೂ ಇರಬೇಕು ಎಂಬುದು ಅದರ ಸಾರ. ಇದಕ್ಕೆ ವ್ಯತಿರಿಕ್ತವಾಗಿ ಜರ್ಮನಿಯಲ್ಲಿ ಸರಕಾರಿ ಅಧಿಕಾರಿ ದರ್ಜೆಯ ಶಿಕ್ಷಕರು ಮುಷ್ಕರ ಹೂಡುವಂತಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಆ ಶಿಕ್ಷಕರಿಗೆ ಜೀವಮಾನದ ಉದ್ಯೋಗ ಭದ್ರತೆಯಿದೆ, ತಕ್ಕ ಸಂಬಳ ಸಿಗದಿದ್ದರೆ ಕೋರ್ಟಿಗೆ ಹೋಗಿ ಪಡೆಯುವ ಹಕ್ಕಿದೆ. ಒಂದು ಕೈಯಿಂದ ಕಿತ್ತುಕೊಂಡರೆ ಇನ್ನೊಂದು ಕೈಯಿಂದ ಕೊಟ್ಟಿದ್ದಾರೆ.

ನಮ್ಮಲ್ಲಿ ಕಿತ್ತುಕೊಂಡದ್ದು ಮಾತ್ರ ಕಾಣುತ್ತದೆ. ಗುಜರಾತ್‌ನಲ್ಲಿ ವಿದ್ಯಾಸಹಾಯಕರಾಗಿ ಸೇರುವವರು ಐದು ವರ್ಷ ನಿಗದಿತ ವೇತನದಲ್ಲೇ ದುಡಿಯಬೇಕು. ಕರ್ನಾಟಕದ ಅತಿಥಿ ಶಿಕ್ಷಕರಿಗೆ ಗೌರವಧನವಷ್ಟೇ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕುಂದುಕೊರತೆ ನಿವಾರಣೆಯ ಬಗ್ಗೆಯೂ ಹೇಳುತ್ತದೆ. ಆದರೆ ಸಂಬಳ, ಪಿಂಚಣಿಯಂಥ ದೊಡ್ಡ ಬೇಡಿಕೆಗಳು ಇಂದಿಗೂ ಇತ್ಯರ್ಥವಾಗುತ್ತಿರುವುದು ಬೀದಿಯಲ್ಲಿ.

ಮಧ್ಯದ ದಾರಿ ಇಲ್ಲದಿಲ್ಲ. ಕೇಂದ್ರ ಸರಕಾರದ ನೌಕರರಿಗೆ 1966ರಿಂದಲೇ ಜಂಟಿ ಸಮಾಲೋಚನಾ ವ್ಯವಸ್ಥೆಯಿದ್ದು, ವೇತನ, ಭತ್ತೆ, ರಜೆ ಮುಂತಾದ ವಿಷಯಗಳಲ್ಲಿ ಒಮ್ಮತ ಬಾರದಿದ್ದರೆ ಕಡ್ಡಾಯ ಮಧ್ಯಸ್ಥಿಕೆಗೆ ಅವಕಾಶವಿದೆ. ರಾಜ್ಯಗಳೂ ಶಿಕ್ಷಕರಿಗೆ ಅಂಥದೇ ಏರ್ಪಾಡು ಮಾಡಿ, ತೀರ್ಪಿಗೆ ಕಾಲಮಿತಿ ವಿಧಿಸಿ, ಆ ತೀರ್ಪಿಗೆ ತಾವೂ ಬದ್ಧರಾದರೆ ಮುಷ್ಕರ ನಿಷೇಧಕ್ಕೆ ಅರ್ಥ ಬರುತ್ತದೆ. ಅದನ್ನು ಮಾಡಲು ಮನಸ್ಸಿಲ್ಲದಿದ್ದರೆ, ಮುಂಚಿತ ನೋಟಿಸು, ಪರೀಕ್ಷಾ ತಿಂಗಳುಗಳ ವಿನಾಯಿತಿ, ತಪ್ಪಿದ ಪಾಠವನ್ನು ರಜಾದಿನಗಳಲ್ಲಿ ಮುಗಿಸುವ ಹೊಣೆ ಎಂಬ ಮೂರು ಷರತ್ತುಗಳೊಂದಿಗೆ ಮುಷ್ಕರದ ಹಕ್ಕನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಮಾರ್ಗ.

ಹೊರನಾಡ ಕನ್ನಡಿಗರಲ್ಲಿ ಊರಿನ ಸರಕಾರಿ ಶಾಲೆಯಲ್ಲಿ ಅಕ್ಷರ ಕಲಿತು ಬಂದವರೇ ಅಧಿಕ. ಹಲವರ ಅಕ್ಕ, ಬಾವ, ಅತ್ತಿಗೆ ಇಂದಿಗೂ ಅಲ್ಲಿ ಶಿಕ್ಷಕರು. ಸಂಘಗಳು ವಿದ್ಯಾರ್ಥಿವೇತನ, ಪುಸ್ತಕ ವಿತರಣೆಯ ಜತೆಗೆ ಈ ವಿಷಯವನ್ನೂ ಸಭೆಯಲ್ಲಿ ಚರ್ಚಿಸಿ, ಎರಡೂ ರಾಜ್ಯಗಳ ಸರಕಾರಗಳಿಗೆ ಮನವಿ ಸಲ್ಲಿಸಿದರೆ ಶಿಕ್ಷಕರಿಗೂ ಮಕ್ಕಳಿಗೂ ಉಪಕಾರವಾದೀತು. ಶಾಲೆ ಮುಚ್ಚಿದ ಮೇಲೆ ಶಿಕ್ಷಕರನ್ನು ದೂರುವುದಕ್ಕಿಂತ, ಮುಚ್ಚದಂತೆ ನೋಡಿಕೊಳ್ಳಬೇಕೆಂದು ಸರಕಾರವನ್ನು ಈಗಲೇ ಒತ್ತಾಯಿಸುವುದೊಳಿತು.