ಬಾರಿನ ಟೇಬಲ್ಲಿನಿಂದ ತೆಗೆದ ಊರು

ಮುಧೋಳದ ಘಟಪ್ರಭಾ ದಂಡಿ ಇರಲಿ, ಬೀಳಗಿ ತಾಲೂಕಿನ ಕೊರ್ತಿ ಕಡೆಯ ಕೃಷ್ಣಾ ಹಿನ್ನೀರು ಇರಲಿ, ನೀರು ಕಾಣುವ ಬಾರು ಎಲ್ಲಿದೆಯೋ ಅಲ್ಲಿ ಸಂಜಿ ಮುಂದ ಒಂದೇ ನೋಟ. ಟೇಬಲ್ಲಿನ ಮ್ಯಾಲೆ ಗ್ಲಾಸು, ಕೈಯಾಗ ಮೊಬೈಲು. "ಏ, ಆಕಡೆ ಸರಿಯೋ, ಊರು ಕಾಣವಲ್ದು" ಎಂದು ಗೆಳೆಯನಿಗೇ ಗದರಿಕೆ. ಗುಡಿ ಶಿಖರ, ಮಸೀದಿ ಮಿನಾರು, ನೀರಿನ ಟಾಕಿ, ದೂರದಾಗ ಸಕ್ಕರೆ ಕಾರ್ಖಾನೆ ಚಿಮಣಿ, ಎಲ್ಲ ಒಂದೇ ಚೌಕಟ್ಟಿನೊಳಗೆ. ಈ ಭಾಗ್ಯ ಜಮಖಂಡಿಯವರಿಗಿಲ್ಲ. ರಾಮತೀರ್ಥದ ಗುಡ್ಡದ ಮೇಲೆ ಪಟವರ್ಧನರ ಅರಮನೆ ಇದ್ದರೂ ಹೊಳಿ ಊರಿನ ಕಾಲ ಬುಡದಲ್ಲಿಲ್ಲ.

ಕುಡಿಯುವವನ ಹವ್ಯಾಸ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಫೋಟೋ ಈಗ ಈ ಸೀಮೆಯಲ್ಲಿ ರೊಕ್ಕದ ಪ್ರಶ್ನೆ.

2019ರ ಆಗಸ್ಟ್ ಯಾರೂ ಮರೆತಿಲ್ಲ. ಕೃಷ್ಣಾ, ಘಟಪ್ರಭಾ ಎರಡೂ ಏಕಕಾಲಕ್ಕೆ ಉಕ್ಕಿದವು. ಮುಧೋಳದಿಂದ ಯಾದವಾಡಕ್ಕೆ ಹೋಗುವ ಸೇತುವೆ ನೀರಿನಡಿ ಹೋಯಿತು. ನೀರು ಇಳಿದ ಮೇಲೆ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಕಡೆಯ ವರ್ಗಕ್ಕೆ 50 ಸಾವಿರ. ನಡುವಿನ ಅಂತರ ನಾಲ್ಕೂವರೆ ಲಕ್ಷ! ಗೋಡೆ ಎಷ್ಟು ಎತ್ತರ ನೆನೆದಿತ್ತು, ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದೇ ತಕರಾರು. ಆಗ ಸೇತುವೆ ಮ್ಯಾಲೆ ನಿಂತು ಸೆಲ್ಫಿ ತೆಗೆದವರಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎದ್ದು ಕಾಣುವುದು ತೆಗೆದವರ ಹಲ್ಲು. ಮನಿ ಮಾತ್ರ ಇಲ್ಲ.

ಬಾರಿನ ಫೋಟೋದ್ದೂ ಅದೇ ಹಣೆಬರಹ. ಮುಳುಗುವ ಸೂರ್ಯ ಎದುರಿಗಿದ್ದರೆ ಕ್ಯಾಮೆರಾ ಆಕಾಶದ ಬೆಳಕಿಗೆ ಹೊಂದಿಕೊಳ್ಳುತ್ತದೆ, ಊರು ಇದ್ದಿಲಿನಂತೆ ಕಪ್ಪಾಗುತ್ತದೆ. ನೋಡಲು ಭಾಳ ಚಂದ; ಆದರೆ ಹೊಳಿ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯಿತು ಅಂತ ಹೇಳಲು ಬರುವುದಿಲ್ಲ. ಜೂಮ್ ಮಾಡಿದರಂತೂ ದೂರದ ಮನಿ ನೀರಿಗೇ ಅಂಟಿ ಕೂತಂತೆ ಕಾಣುತ್ತದೆ. ಬೆಳಕು ಬೆನ್ನಿಗಿರುವಾಗ, ಸೇತುವೆ ಕಂಬವೋ ಗುಡಿಯ ಪಾವಟಿಗೆಯೋ ಚೌಕಟ್ಟಿನೊಳಗೆ ಇರುವ ಹಾಗೆ, ಒಂದೇ ಜಾಗದಿಂದ ಬ್ಯಾಸಗಿಗೊಮ್ಮೆ, ಮಳೆಗಾಲಕ್ಕೊಮ್ಮೆ ತೆಗೆದ ಪಟ ಬೇರೆ. ತಾರೀಖು, ಜಾಗ ಅಚ್ಚೊತ್ತಿದ್ದರೆ ಅದಕ್ಕೆ ತೂಕ ಹೆಚ್ಚು. ಲೈಕು ಹತ್ತೂ ಬರಲಿಕ್ಕಿಲ್ಲ, ಆ ಮಾತು ಬೇರೆ.

ಈಗಲೇ ಯಾಕೆ ಈ ಮಾತು? ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. ಅಂದರೆ ಹದಿನೈದು ಅಡಿ ಜಾಸ್ತಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಭೂಮಿಗೆ ದರ ಕಟ್ಟಿತು: ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಹೊಲದಾಗ ಬಾವಿ ಇತ್ತೋ, ಕಬ್ಬು ನಿಂತಿತ್ತೋ ಎನ್ನುವ ಜಗಳಕ್ಕೆ ಎಕರೆಗೆ 10 ಲಕ್ಷದ ಬೆಲೆ ಬಂತು.

ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋದಾಗ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಸ್ಟುಡಿಯೋದವನನ್ನು ಕರೆಸುವ ತಾಕತ್ತು ಇದ್ದವರ ಮನೆಯ ಪಟ ಮಾತ್ರ ಉಳಿಯಿತು. ಈ ಸಲ ಹೊಳಿ ದಂಡಿಯ ಪ್ರತಿ ಟೇಬಲ್ಲಿನ ಮ್ಯಾಲೂ ಒಂದು ಕ್ಯಾಮೆರಾ ಇದೆ. ಅದರ ಮುಖ ಮಾತ್ರ ಇನ್ನೂ ಸೂರ್ಯನ ಕಡೆಗೇ.