ಮೂಗಿಗಿಂತ ಮೂಗುತಿ ಭಾರ: ಕಾರಿಗೆ ತಕ್ಕ ಚಕ್ರ ಯಾವುದು, ಕೇಳುವವರು ಯಾರು?

ಭದ್ರಾವತಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ನಮ್ಮ ಭಾವನವರು ಹೋದ ವರ್ಷ ಬೆಂಗಳೂರಿನಿಂದ ಒಂದು ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್ ತಂದರು. ಬಣ್ಣ ಚೆನ್ನಾಗಿತ್ತು, ಇಂಜಿನ್ ಚೆನ್ನಾಗಿತ್ತು, ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಚಕ್ರ. ಫಳಫಳ ಹೊಳೆಯುವ 16 ಇಂಚಿನ ಅಲಾಯ್ ವೀಲು, ಅದರ ಮೇಲೆ ದಪ್ಪ ಟೈರು. ಬೀದಿಯ ಹುಡುಗರೆಲ್ಲ ಬಂದು ನೋಡಿ ಹೋದರು. ಭಾವನವರಿಗೂ ಹೆಮ್ಮೆಯೇ.

ಮನೆಮಂದಿ ಐದು ಜನ ಹತ್ತಿ ಶೃಂಗೇರಿಗೆ ಹೊರಟ ದಿನ ಬಂಡವಾಳ ಬಯಲಾಯಿತು. ಒಂದೊಂದು ಗುಂಡಿಗೂ ಹಿಂದಿನಿಂದ ಕರ್ರ್ ಅಂತ ಸದ್ದು. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ರಬ್ಬರು ಸುಟ್ಟ ವಾಸನೆ. ಇಳಿದು ನೋಡಿದರೆ ಹಿಂದಿನ ಎರಡೂ ಟೈರಿನ ಅಂಚು ಹೆರೆಮಣೆಗೆ ಕೊಟ್ಟ ತೆಂಗಿನಕಾಯಿಯ ಹಾಗಾಗಿದೆ. ಮಾರನೆಯ ದಿನ ಒಂದು ಟೈರ್ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗ ಬಗ್ಗಿ ನೋಡಿ, "ಒಳಗಿನ ಪ್ಲಾಸ್ಟಿಕ್ ಸ್ವಲ್ಪ ಕೊಯ್ದುಬಿಟ್ರೆ ಸರಿಹೋಗುತ್ತೆ ಸಾರ್" ಅಂದ.

ಚಪ್ಪಲಿ ಹಿಡಿಸಲಿಲ್ಲ ಅಂತ ಕಾಲು ಕೊಯ್ದುಕೊಳ್ಳುವ ಬುದ್ಧಿ ಇದು. ಆದರೆ ಆ ಹುಡುಗನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಸಂಜೆ ಹೊತ್ತು ಬಿ.ಎಚ್. ರಸ್ತೆಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಮೈಗಿಂತ ದೊಡ್ಡ ಚಕ್ರ ಹಾಕಿಕೊಂಡ, ಮಡ್‌ಗಾರ್ಡಿನಿಂದ ಹೊರಗೆ ಟೈರು ಚಾಚಿದ ಕಾರು ನಿಮಗೂ ಸಿಗುತ್ತದೆ.

ಆಗ ಆಯ್ಕೆಯೇ ಇರಲಿಲ್ಲ

ಅಂಬಾಸಿಡರ್ ಕಾಲದಲ್ಲಿ ಈ ತಲೆನೋವಿರಲಿಲ್ಲ. ಅಂಬಾಸಿಡರಿಗೆ 5.90-15, ಪ್ರೀಮಿಯರ್ ಪದ್ಮಿನಿಗೆ 5.20-14. ಅಂಗಡಿಯವನಿಗೆ ಕಾರಿನ ಹೆಸರು ಹೇಳಿದರೆ ಸಾಕು, ಅಟ್ಟದಿಂದ ಟೈರು ಇಳಿಸುತ್ತಿದ್ದ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಜೊತೆ 12 ಇಂಚಿನ ಪುಟ್ಟ ಚಕ್ರವೂ ಬಂತು. ಈಗಲೋ, ಒಂದೇ ಹೆಸರಿನ ಕಾರಿಗೆ ಕಂಪನಿಯೇ ಎರಡು ಅಳತೆ ಕೊಡುತ್ತದೆ. ಅದನ್ನು ನೋಡಿದ ಜನ, ಎರಡಾದರೆ ಮೂರನೆಯದೂ ಆಗಬಹುದಲ್ಲ ಅಂದುಕೊಳ್ಳುತ್ತಾರೆ. ತಪ್ಪು ಶುರುವಾಗುವುದು ಅಲ್ಲೇ.

ಅಂಗಡಿ ಲೆಕ್ಕ

ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಬರೆದಿರುತ್ತದೆ: 165/80 ಆರ್ 14. ಇದರಲ್ಲಿ ಮಂತ್ರವೇನಿಲ್ಲ. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 80. 'ಆರ್' ಅಂದರೆ ರೇಡಿಯಲ್. 14 ಅಂದರೆ ಒಳಗೆ ಕೂರುವ ಡಿಸ್ಕಿನ ಅಡ್ಡಳತೆ, ಇಂಚಿನಲ್ಲಿ.

ಈಗ ಕೂಡಿ. 14 ಇಂಚು ಅಂದರೆ 355.6 ಮಿ.ಮೀ. ಪಕ್ಕೆ 132 ಮಿ.ಮೀ., ಮೇಲೊಂದು ಕೆಳಗೊಂದು, ಒಟ್ಟು 264. ಚಕ್ರದ ಪೂರ್ತಿ ಎತ್ತರ 619.6 ಮಿ.ಮೀ. ಇದು ಕಡಿಮೆ ಬೆಲೆಯ ಸ್ವಿಫ್ಟಿನದು. ಹೆಚ್ಚು ಬೆಲೆಯ ಸ್ವಿಫ್ಟಿಗೆ ಕಂಪನಿ ಕೊಡುವುದು 185/65 ಆರ್ 15. ಅದನ್ನೂ ಹೀಗೇ ಕೂಡಿದರೆ 621.5 ಮಿ.ಮೀ. ಅಗಲ ಬೇರೆ, ಡಿಸ್ಕು ಬೇರೆ, ಪೂರ್ತಿ ಎತ್ತರದಲ್ಲಿ ಮಾತ್ರ ಎರಡು ಮಿಲಿಮೀಟರಿನಷ್ಟೇ ವ್ಯತ್ಯಾಸ! ಡಿಸ್ಕು ದೊಡ್ಡದಾದಷ್ಟು ಪಕ್ಕೆ ತಗ್ಗಿಸಿದ್ದಾರೆ. ಇಡೀ ವಿದ್ಯೆ ಇಷ್ಟೇ.

ಭಾವನವರ ಕಾರಿನಲ್ಲಿದ್ದದ್ದು 205/60 ಆರ್ 16. ಕೂಡಿದರೆ 652.4. ಇರಬೇಕಾದ್ದಕ್ಕಿಂತ ಸುಮಾರು 33 ಮಿ.ಮೀ. ಹೆಚ್ಚು, ಶೇಕಡಾ ಐದಕ್ಕೂ ಮೇಲೆ. ತಿಳಿದ ಮೆಕ್ಯಾನಿಕ್ಕುಗಳು ಎರಡು ಮೂರು ಶೇಕಡಾ ದಾಟಬೇಡಿ ಅನ್ನುತ್ತಾರೆ.

ಐದು ಶೇಕಡಾ ಎಷ್ಟರದ್ದು ಮಾರಾಯ್ರೆ, ಅನ್ನಬೇಡಿ. ತಕ್ಕಡಿಯಲ್ಲಿ ಕಿಲೋಗೆ 50 ಗ್ರಾಂ ಕಡಿಮೆಯಾದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಇಲ್ಲಿ ಮೀಟರಿನ ಮುಳ್ಳು 80ರಲ್ಲೇ ನಿಂತಿರುತ್ತದೆ, ಕಾರು ಮಾತ್ರ ಮೊದಲಿಗಿಂತ ಗಂಟೆಗೆ ನಾಲ್ಕು ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ. ಮುನ್ನೂರು ಕಿ.ಮೀ. ಓಡಿದರೆ ಮೀಟರು ಇನ್ನೂರ ಎಂಬತ್ತೈದರ ಲೆಕ್ಕ ತೋರಿಸುತ್ತದೆ. ಎತ್ತರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಶ್ರಮ ಹೆಚ್ಚು, ಎಳೆಯಲು ಇಂಜಿನ್ನಿಗೆ ಶ್ರಮ ಹೆಚ್ಚು, ಅದರ ಬಿಲ್ಲು ಪೆಟ್ರೋಲ್ ಬಂಕಿನಲ್ಲಿ ಬರುತ್ತದೆ. ಈಗಿನ ಕಾರುಗಳಲ್ಲಿರುವ ಎ.ಬಿ.ಎಸ್. ಬ್ರೇಕು ನಾಲ್ಕೂ ಚಕ್ರದ ಸುತ್ತು ಎಣಿಸಿ ಕೆಲಸ ಮಾಡುವಂಥದ್ದು. ಮುಂದೊಂದು ಅಳತೆ ಹಿಂದೊಂದು ಅಳತೆ ಹಾಕಿದರೆ ಅದರ ಎಣಿಕೆಯೇ ತಪ್ಪುತ್ತದೆ.

ಬೋಲ್ಟು ಕೂತರೆ ಸಾಕೆ?

ಟೈರಿನ ಕಥೆ ಹೀಗಾದರೆ ಡಿಸ್ಕಿನದು ಇನ್ನೊಂದು. "ನಾಲ್ಕು ಬೋಲ್ಟೂ ಕೂತ್ವು, ಇನ್ನೇನ್ ಬೇಕು?" ಅನ್ನುತ್ತಾರೆ. ಬೇಕು ಸ್ವಾಮಿ. ಬೋಲ್ಟುಗಳು ಕೂರುವ ವೃತ್ತದ ಅಳತೆ ಸ್ವಿಫ್ಟಿನಲ್ಲಿ 100 ಮಿ.ಮೀ., ಫಿಯೆಟ್ ಪುಂಟೋದಲ್ಲಿ 98. ಕಣ್ಣಿಗೆ ಎರಡೂ ಒಂದೇ. ಸ್ಪ್ಯಾನರಿಗೆ ಪೈಪು ಹಾಕಿ ತಿರುಗಿಸಿದರೆ ಕೂತ ಹಾಗೂ ಕಾಣುತ್ತದೆ. ಆದರೆ ಓರೆಯಾಗಿ ಕೂತ ಬೋಲ್ಟು ಇವತ್ತಲ್ಲ ನಾಳೆ ಸಡಿಲವಾಗುತ್ತದೆ, ಇಲ್ಲವೆ ತುಂಡಾಗುತ್ತದೆ.

ಬೋಲ್ಟಿನ ಅಳತೆ ಸರಿಯಿದ್ದರೂ ನಡುವಿನ ತೂತು ಸರಿಯಿರಬೇಕು. ಹೋಂಡಾ ಸಿಟಿಯ ಡಿಸ್ಕಿನ ನಡುತೂತು 56.1 ಮಿ.ಮೀ., ಸ್ವಿಫ್ಟಿನದು 54.1. ಹೋಂಡಾದ ಡಿಸ್ಕನ್ನು ಸ್ವಿಫ್ಟಿಗೆ ಹಾಕಿದರೆ ಬೋಲ್ಟು ಕೂರುತ್ತದೆ, ನಡುವೆ ಎರಡು ಮಿಲಿಮೀಟರ್ ಸಡಿಲ. ಆ ಜಾಗಕ್ಕೆ ತಕ್ಕ ರಿಂಗು ಕೂರಿಸದೆ ಓಡಿಸಿದರೆ ಎಂಬತ್ತು ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಚಕ್ರ ಹೊರಗೆ ಕಾಣಲಿ ಅಂತ ನಡುವೆ ಸ್ಪೇಸರ್ ತುರುಕಿದರೆ ಹೊರೆ ಬೇರಿಂಗಿನ ಮೇಲೆ ಬೀಳುತ್ತದೆ.

1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯವರಿಗೆ ಇದನ್ನು ಹೇಳಿಕೊಡಬೇಕೆ? ಅಳತೆ ತಪ್ಪಿದ ಮಾಲಿಗೆ ಕಾರ್ಖಾನೆಯ ಗೇಟು ದಾಟುವ ಯೋಗ್ಯತೆಯಿಲ್ಲ ಅಂತ ಅಪ್ಪ, ಅಜ್ಜಂದಿರ ಕಾಲದಿಂದ ಬಲ್ಲ ಊರು ಅದು. ಅಂಥ ಊರಿನ ಕಾರಿಗೂ ಅಳತೆ ತಪ್ಪಿದ ಚಕ್ರ!

ಸರಕು ಹೇರುವವರು ಗಮನಿಸಿ

ಅಂಗಡಿಕಾರರ ಪಾಲಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಮಾರುತಿ ಆಮ್ನಿ 2019ರಲ್ಲಿ ತಯಾರಿಕೆ ನಿಂತರೂ ಮಂಡಿಯಿಂದ ಮೂಟೆ ಹೊರುವ ಕೆಲಸ ಬಿಟ್ಟಿಲ್ಲ. ಅದಕ್ಕೆ ಕಂಪನಿ ಕೊಟ್ಟ ಟೈರು 145 ಆರ್ 12 ಎಲ್.ಟಿ. ಈ 'ಎಲ್.ಟಿ.' ಅಂದರೆ ಲಘು ಲಾರಿ ಜಾತಿಯ, ಹೊರೆ ಹೊರುವ ಟೈರು. ಆಲ್ಟೋ 800ರ ಟೈರು 145/80 ಆರ್ 12. ಅಗಲ ಒಂದೇ, ಡಿಸ್ಕು ಒಂದೇ, ಎತ್ತರವೂ ಸರಿಸುಮಾರು ಒಂದೇ, ಬೆಲೆ ಕಡಿಮೆ. ಹಾಕಿದರೆ ಅಂದವಾಗಿ ಕೂರುತ್ತದೆ. ಅಕ್ಕಿ ಮೂಟೆ ಹೇರಿದ ಮೇಲೆ ಕೂರುವುದು ಟೈರಲ್ಲ, ಟೈರಿನ ಮಾಲೀಕ, ತಲೆಯ ಮೇಲೆ ಕೈಹೊತ್ತು.

ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. ಅಂಕಿ ಹೊರೆಯದು, ಅಕ್ಷರ ವೇಗದ್ದು. 74 ಅಂದರೆ ಆ ಒಂದು ಟೈರು ಹೊರಬಲ್ಲದ್ದು 375 ಕಿಲೋ, 85 ಅಂದರೆ 515 ಕಿಲೋ, 88 ಅಂದರೆ 560. ಕಂಪನಿ ಹೇಳಿದ ಅಂಕಿಗಿಂತ ಕಡಿಮೆಯದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಬಸ್ಸಿನವರಿಗೂ ಒಂದು ಮಾತು

"ನಮ್ಮ ಹತ್ತಿರ ಕಾರೇ ಇಲ್ಲ, ನಮಗೇನು?" ಅನ್ನುವವರೂ ಕೇಳಿ. ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ನೀವು ಬರುವ ಬಸ್ಸಿನ ಹಿಂದೆ ಎರಡೂ ಕಡೆ ಜೋಡಿ ಟೈರು ಇರುತ್ತದೆ. ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರ ಹೊಂದುವುದಿಲ್ಲ. ಎತ್ತಿನ ಗಾಡಿಗೆ ಒಂದು ಕೋಣ, ಒಂದು ಕರು ಕಟ್ಟಿದ ಹಾಗೆ. ಎತ್ತರದ ಟೈರೇ ಹೊರೆಯೆಲ್ಲ ಹೊತ್ತು ಕಾದು ಸಿಡಿಯುತ್ತದೆ, ಗಿಡ್ಡ ಟೈರು ಉಜ್ಜಿ ಸವೆಯುತ್ತದೆ. ಬಸ್ ನಿಂತಾಗ ಒಮ್ಮೆ ಬಗ್ಗಿ ನೋಡಿ. ಕಂಡಕ್ಟರಿಗೆ ಹೇಳಲು ಸಂಕೋಚ ಬೇಡ, ಟಿಕೆಟ್ಟಿನ ದುಡ್ಡು ನಿಮ್ಮದು.

ಮಲೆನಾಡಿನ ಮಳೆ

ದಪ್ಪ ಟೈರು ಹಾಕಿದರೆ ಹಿಡಿತ ಜಾಸ್ತಿ ಅಂತ ಎಲ್ಲರ ನಂಬಿಕೆ. ಒಣ ರಸ್ತೆಯಲ್ಲಿ ಸ್ವಲ್ಪ ನಿಜ. ಮಳೆಯಲ್ಲಿ ಉಲ್ಟಾ. ಅಗಲ ಹೆಚ್ಚಿದಷ್ಟೂ ಟೈರಿನ ಕೆಳಗಿಂದ ನೀರು ಪಕ್ಕಕ್ಕೆ ಸರಿಯಲು ಹೊತ್ತು ಬೇಕು. ವೇಗ ಹೆಚ್ಚಿದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಆಷಾಢದಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿಯುವವರು ಇದನ್ನು ನೆನಪಿಡಬೇಕು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಗೋಜೂ ಇಲ್ಲ. ಮಳೆಗಾಲದಲ್ಲೂ ಸ್ವಂತ ಕಾರು ಹತ್ತಿ ಆ ಕಡೆ ಹೊರಡಬಹುದು.

ಪಕ್ಕೆ ತೀರ ತಗ್ಗಿದ ಟೈರಿಗೆ ಬೇರೆ ಕಾಟ. ಸ್ಮಾರ್ಟ್ ಸಿಟಿ ಅಂತ ವರ್ಷಗಟ್ಟಲೆ ಅಗೆಸಿಕೊಂಡ ಊರು ನಮ್ಮದು. ಗುಂಡಿಯ ಪೆಟ್ಟನ್ನು ತಡೆಯುವುದು ಪಕ್ಕೆಯೊಳಗಿನ ಗಾಳಿ. ಅದು ಕಡಿಮೆಯಾದರೆ ಪೆಟ್ಟು ನೇರ ಡಿಸ್ಕಿಗೆ. ಪಕ್ಕೆ ಬುಗುಟೆ ಏಳುತ್ತದೆ, ಅಲಾಯ್ ಬಿರುಕು ಬಿಡುತ್ತದೆ.

ನೋಡುವವರು ಯಾರು?

ಬಸ್ಸು ಟ್ಯಾಕ್ಸಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್.ಸಿ. ಇದೆ. ಸ್ವಂತ ಕಾರಿಗೆ? ಒಮ್ಮೆ ನೋಂದಣಿಯಾದರೆ 15 ವರ್ಷ ಯಾವ ಇನ್ಸ್‌ಪೆಕ್ಟರಿಗೂ ತೋರಿಸಬೇಕಾಗಿಲ್ಲ. ಕಾರು ಮೂರು ಕೈ ಬದಲಾದರೂ ಚಕ್ರ ಸರಿಯಿದೆಯೇ ಅಂತ ಯಾರೂ ಕೇಳುವುದಿಲ್ಲ. ಅಂಗಡಿಯವನಿಗೆ ವ್ಯಾಪಾರ, ಹಳೆಯ ಮಾಲೀಕನಿಗೆ ಶೋಕಿ, ಹೊಸ ಮಾಲೀಕನಿಗೆ ಅಜ್ಞಾನ. ಈ ಮೂರರ ನಡುವೆ ಅಳತೆ ಅನಾಥವಾಗಿದೆ.

ಕಾನೂನು ಇಲ್ಲವೇ ಅಂದರೆ ಇದೆ. ಕಂಪನಿ ಕೊಟ್ಟ ವಾಹನದ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾರಿನ ಟೈರಿನ ಗ್ರಿಪ್ 1.6 ಮಿ.ಮೀ.ಗಿಂತ ಸವೆದಿರಬಾರದು ಅಂತಲೂ ನಿಯಮವಿದೆ. ದಂಡ ದೂರದ ಮಾತು. ಅಪಘಾತವಾದ ದಿನ ವಿಮೆಯವರು ಬಂದು ಮೊದಲು ನೋಡುವುದು ಇಂಥದ್ದನ್ನೇ. ತಕರಾರು ತೆಗೆಯಲು ನಾವೇ ಅವರ ಕೈಗೆ ಕಾಗದ ಕೊಟ್ಟಂತಾಗುತ್ತದೆ.

ಇಷ್ಟಕ್ಕೆಲ್ಲ ಮದ್ದು ಸುಲಭ. ಚಾಲಕನ ಬಾಗಿಲು ತೆರೆಯಿರಿ. ಪಕ್ಕದ ಕಂಬಕ್ಕೆ ಒಂದು ಚೀಟಿ ಅಂಟಿಸಿರುತ್ತದೆ. ಯಾವ ಅಳತೆಯ ಟೈರು, ಎಷ್ಟು ಪಾಯಿಂಟ್ ಗಾಳಿ ಅಂತ ಅದರಲ್ಲಿದೆ. ಚೀಟಿ ಕಿತ್ತುಹೋಗಿದ್ದರೆ ಕಾರಿನ ಜೊತೆ ಬಂದ ಪುಸ್ತಕ ನೋಡಿ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಬಾನೆಟ್ ಎತ್ತುವ ಮೊದಲು ಬಾಗಿಲ ಚೀಟಿಯನ್ನೂ ನಾಲ್ಕು ಟೈರನ್ನೂ ತಾಳೆ ನೋಡಿ, ಸ್ಟೆಪ್ನಿ ಮರೆಯಬೇಡಿ. ಐ.ಎಸ್.ಐ. ಗುರುತು ಇದೆಯೇ ನೋಡಿ. ಪಕ್ಕೆಯ ಮೇಲಿನ ನಾಲ್ಕಂಕಿ ಓದಿ. 2323 ಅಂದರೆ 2023ರ 23ನೇ ವಾರದ ಮಾಲು. ದೊಡ್ಡ ಚಕ್ರದ ಆಸೆ ತಡೆಯದಿದ್ದರೆ, ನಿಮ್ಮ ಮಾಡೆಲಿನ ಹೆಚ್ಚು ಬೆಲೆಯ ಕಾರಿಗೆ ಕಂಪನಿಯೇ ಕೊಟ್ಟ ಅಳತೆಯಲ್ಲಿ ನಿಲ್ಲಿಸಿಕೊಳ್ಳಿ.

ಭಾವನವರು ಕೊನೆಗೆ ಆ ಹೊಳೆಯುವ ಚಕ್ರ ಬಿಚ್ಚಿಸಿ 14 ಇಂಚಿನ ಮಾಮೂಲಿ ಡಿಸ್ಕು, 165ರ ಟೈರು ಹಾಕಿಸಿದರು. ಪೂರ್ತಿ ಒಂದು ತಿಂಗಳ ವ್ಯಾಪಾರದ ಲಾಭ ಹೋಯಿತು. "ಈಗ ಹೇಗಿದೆ ಭಾವ?" ಅಂತ ಕೇಳಿದೆ. "ಹುಡುಗರು ಯಾರೂ ನೋಡೋಕೆ ಬರ್ತಿಲ್ಲ. ಆದ್ರೆ ನಿಮ್ಮ ಅಕ್ಕ ಹಿಂದೆ ಕೂತು ನಿದ್ದೆ ಮಾಡ್ತಾಳೆ" ಅಂದರು.