ವಿದ್ವತ್ ಪತ್ರಿಕೆ: ಅಚ್ಚಿಗೆ ಮುನ್ನ ಕೊನೆಯ ಕಣ್ಣು ಯಾರದು?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಫೆಬ್ರುವರಿಯಲ್ಲಿ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿತು. ಸಂಶೋಧನಾ ಲೇಖನ ಯಾವ ಪತ್ರಿಕೆಯಲ್ಲಿ ಬಂದರೆ ಲೆಕ್ಕಕ್ಕಿದೆ, ಯಾವುದರಲ್ಲಿ ಬಂದರೆ ಲೆಕ್ಕಕ್ಕಿಲ್ಲ ಎಂದು ಇನ್ನು ದೆಹಲಿ ಹೇಳುವುದಿಲ್ಲ. ಆಯಾ ವಿಶ್ವವಿದ್ಯಾಲಯಗಳೇ ತೂಗಿ ನೋಡಬೇಕು. ಈ ಪಟ್ಟಿಗಳ ಚರಿತ್ರೆ ಹೆಮ್ಮೆಪಡುವಂಥದ್ದೇನೂ ಅಲ್ಲ. 2017ರಲ್ಲಿ ಮೊದಲ ಪಟ್ಟಿ ಬಂತು. ಮರುವರ್ಷದ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತುಹಾಕಲಾಯಿತು. 2019ರಲ್ಲಿ ಕೇರ್ ಹೆಸರಿನ ಹೊಸ ಪಟ್ಟಿ ಬಂತು. ಈಗ ಅದೂ ಇಲ್ಲ.

ಪಟ್ಟಿ ಹೋದ ಮೇಲೆ ನಡೆದಿರುವ ಚರ್ಚೆಯೆಲ್ಲ ಸಂಪಾದಕ ಮಂಡಳಿ, ತಜ್ಞರ ಪರಿಶೀಲನೆ, ಲೇಖಕರಿಂದ ವಸೂಲಾಗುವ ಶುಲ್ಕದ ಸುತ್ತ ಸುತ್ತುತ್ತಿದೆ. ಮುಖ್ಯವಾದ ಪ್ರಶ್ನೆಗಳೇ ಸರಿ. ಆದರೆ ಲೇಖನ ಸ್ವೀಕೃತವಾದ ದಿನದಿಂದ ಹಾಳೆಯ ಮೇಲೆ ಶಾಯಿ ಬೀಳುವ ದಿನದವರೆಗಿನ ಕೆಲವು ವಾರಗಳ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಪ್ರತಿ ತಿದ್ದುವುದು, ಪುಟ ಕಟ್ಟುವುದು, ಕರಡು ನೋಡುವುದು, ಫಾರಂ ಲೆಕ್ಕ ಹಾಕುವುದು ಎಲ್ಲವೂ ‘ಪ್ರೆಸ್ಸಿನವರ ಕೆಲಸ’ ಎಂಬ ಒಂದೇ ಖಾತೆಗೆ ಜಮೆಯಾಗಿಬಿಟ್ಟಿವೆ. ವಿದ್ವತ್ ಪತ್ರಿಕೆಯ ವಿಶ್ವಾಸಾರ್ಹತೆ ಹೆಚ್ಚಾಗಿ ಸೋರಿಹೋಗುವುದು ಇದೇ ವಾರಗಳಲ್ಲಿ.

ಹೊರಗಿನ ಎರಡು ಪ್ರಸಂಗಗಳನ್ನು ನೋಡಬಹುದು. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೆ ಮೀಸಲಾದ ‘ಎಥಾಲಜಿ’ ಪತ್ರಿಕೆ 2014ರಲ್ಲಿ ಮೀನುಗಳ ಕುರಿತ ಲೇಖನವೊಂದನ್ನು ಪ್ರಕಟಿಸಿತು. ಬೇರೊಬ್ಬ ಸಂಶೋಧಕರ ಪ್ರಬಂಧವನ್ನು ಹೀನಾಯವಾಗಿ ಜರೆದು, ಅದನ್ನು ಇಲ್ಲಿ ಉಲ್ಲೇಖಿಸಬೇಕೇ ಎಂದು ಲೇಖಕರು ತಮ್ಮತಮ್ಮಲ್ಲೇ ಕೇಳಿಕೊಂಡ ಟಿಪ್ಪಣಿ ಆವರಣ ಚಿಹ್ನೆಯ ಸಮೇತ ಅದರಲ್ಲಿ ಅಚ್ಚಾಗಿತ್ತು. ತಜ್ಞರ ಪರಿಶೀಲನೆ ಮುಗಿದು ಲೇಖನ ಪರಿಷ್ಕರಿಸುವಾಗ ಸೇರಿದ ಸಾಲದು ಎಂದು ಸಹಲೇಖಕರೊಬ್ಬರು ನಂತರ ವಿವರಿಸಿದರು. ಅಂದರೆ ಪರಿಶೀಲಕರು ಅದನ್ನು ನೋಡಲು ಸಾಧ್ಯವೇ ಇರಲಿಲ್ಲ. ನೋಡಬೇಕಾಗಿದ್ದವರು ಪ್ರತಿ ತಿದ್ದುವವರು, ಕರಡು ಓದುವವರು. ಹತ್ತು ವರ್ಷದ ಬಳಿಕ, 2024ರಲ್ಲಿ, ‘ಸರ್ಫೇಸಸ್ ಆ್ಯಂಡ್ ಇಂಟರ್‌ಫೇಸಸ್’ ಪತ್ರಿಕೆಯ ಲೇಖನವೊಂದರ ಪೀಠಿಕೆ, ‘ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಪೀಠಿಕೆ ಇಲ್ಲಿದೆ’ ಎಂಬರ್ಥದ ಯಂತ್ರದ ಉತ್ತರದಿಂದಲೇ ಶುರುವಾಗಿತ್ತು. ಅದು ಲೇಖನದ ಮೊದಲ ವಾಕ್ಯ. ಎರಡನ್ನೂ ಹೊರತಂದದ್ದು ಜಗತ್ತಿನ ಅತಿದೊಡ್ಡ ವಿದ್ವತ್ ಪ್ರಕಾಶನ ಸಂಸ್ಥೆಗಳು: ಮೊದಲನೆಯದು ವೈಲಿ, ಎರಡನೆಯದು ಎಲ್ಸೆವಿಯರ್. ಹಣಕ್ಕೂ ಜನಕ್ಕೂ ಕೊರತೆಯಿಲ್ಲದ ಕಡೆಯೇ ಹೀಗಾದರೆ, ಗುಮಾಸ್ತರೊಬ್ಬರು ಮತ್ತು ಡಿಟಿಪಿ ಆಪರೇಟರೊಬ್ಬರ ಬಲದಲ್ಲಿ ಹೊರಬರುವ ಪತ್ರಿಕೆಯ ಪಾಡೇನು?

ಕನ್ನಡದ ಪತ್ರಿಕೆಗಳಿಗೆ ಇದರ ಮೇಲೆ ಇನ್ನೊಂದು ಹೊರೆಯಿದೆ. ಅದು ಅಕ್ಷರದ್ದು.

ಲೇಖನಗಳು ಸಂಪಾದಕರ ಕೈಗೆ ಹತ್ತು ಬಗೆಯಲ್ಲಿ ಬರುತ್ತವೆ. ಒಬ್ಬರದು ನುಡಿ, ಇನ್ನೊಬ್ಬರದು ಬರಹ, ಮತ್ತೊಬ್ಬರದು ಶ್ರೀಲಿಪಿ, ಹೊಸಬರದು ಯೂನಿಕೋಡ್. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕು ಮೂರು ದಶಕ ಕಳೆದಿದೆ. ಆದರೂ ಅನೇಕ ಅಚ್ಚುಕೂಟಗಳಲ್ಲಿ ಪುಟ ಕಟ್ಟುವುದು ಇಂದಿಗೂ ಪೇಜ್‌ಮೇಕರ್‌ನಲ್ಲೇ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಯೂನಿಕೋಡ್‌ನಲ್ಲಿ ಬಂದ ಲೇಖನವನ್ನು ಹಳೆಯ ಸಂಕೇತಕ್ಕೆ ಇಳಿಸುತ್ತಾರೆ. ಜಾಲತಾಣಕ್ಕೆ ಹಾಕುವಾಗ ಮತ್ತೆ ಯೂನಿಕೋಡ್‌ಗೆ ಏರಿಸುತ್ತಾರೆ. ಪ್ರತಿ ಪರಿವರ್ತನೆಯಲ್ಲೂ ಏನಾದರೊಂದು ಉದುರುತ್ತದೆ.

ಉದುರುವುದು ಏನೆಂದು ಹತ್ತಿರದಿಂದ ನೋಡಬೇಕು. ‘ಸೂರ್ಯ’ ಎಂಬ ಪದದ ಅರ್ಕಾವತ್ತು ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ‘ಯ’ ಆದ ಮೇಲೆ ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ‘ರ’ ಮೊದಲು, ‘ಯ’ ಆಮೇಲೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ಸಂಯುಕ್ತಾಕ್ಷರ ಸ್ವಲ್ಪ ಜಟಿಲವಾದರೆ ಅರ್ಕಾವತ್ತು ತಪ್ಪು ಅಕ್ಷರದ ಹೆಗಲೇರುತ್ತದೆ. ‘ರ‍್ಯಾಂಕ್’ ಎಂದು ಬರೆಯಲು, ‘ರಾಜ್‌ಕುಮಾರ್’ ಎಂಬಲ್ಲಿ ‘ಜ’ಕಾರಕ್ಕೆ ಒತ್ತು ಬೀಳದಂತೆ ತಡೆಯಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಸೇರಿಕೆ ಚಿಹ್ನೆಗಳಿವೆ. ಅವು ಕಳಚಿದರೆ ಮೊದಲನೆಯದು ‘ರ್ಯಾಂಕ್’, ಎರಡನೆಯದು ‘ರಾಜ್ಕುಮಾರ್’. ಇನ್ನೂ ದೊಡ್ಡ ಅನಾಹುತ ಗ್ರಂಥಋಣದ ಪುಟಗಳಲ್ಲಿ ಆಗುತ್ತದೆ. ಅಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಪುಸ್ತಕಗಳ ಹೆಸರಿರುತ್ತವೆ. ಹಳೆಯ ಫಾಂಟಿನಲ್ಲಿ ಎರಡೂ ಭಾಷೆಗೆ ಒಂದೇ ಸಂಕೇತಗಳಾದ್ದರಿಂದ ಪರಿವರ್ತಕಕ್ಕೆ ಯಾವುದು ಯಾವುದೆಂದು ತಿಳಿಯದು; ಇಂಗ್ಲಿಷ್ ಶೀರ್ಷಿಕೆಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗುತ್ತವೆ. ಆಧಾರಗಳ ಪಟ್ಟಿಯೇ ಓದಲು ಬಾರದ ಸಂಶೋಧನಾ ಲೇಖನ ಯಾರ ಉಪಯೋಗಕ್ಕೆ?

ಹಳಗನ್ನಡ, ಛಂದಸ್ಸು, ಶಾಸನಗಳ ಲೇಖನವಾದರೆ ಕಷ್ಟ ಇಮ್ಮಡಿ. ಱ, ೞ ಅಕ್ಷರಗಳು ಕೆಲವು ಫಾಂಟುಗಳಲ್ಲಿ ಇರುವುದೇ ಇಲ್ಲ. ಹಳೆಯ ಬರಹದ ನಕಾರ ಪೊಲ್ಲುವಿಗೆ ಯೂನಿಕೋಡ್‌ನಲ್ಲಿ ಸ್ಥಾನ ಸಿಕ್ಕಿದ್ದೇ 2021ರಲ್ಲಿ. ಪದ್ಯದ ಸಾಲಿನ ಮೇಲೆ ಹಾಕಿದ ಲಘು-ಗುರು ಚಿಹ್ನೆಗಳು ಲೇಖಕರ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕೂತಿರುತ್ತವೆ. ಅಚ್ಚುಕೂಟದಲ್ಲಿ ಫಾಂಟ್ ಬದಲಾದ ಕೂಡಲೇ ಅಕ್ಷರದ ಅಗಲ ಬದಲಾಗಿ ಪಕ್ಕದ ಅಕ್ಷರಕ್ಕೆ ಜಾರುತ್ತವೆ. ಗಣವಿಭಾಗ ತಪ್ಪಿದರೆ ಲೇಖಕರ ವಾದವೇ ತಪ್ಪಿದಂತೆ. ಇದನ್ನು ಹಿಡಿಯಬಲ್ಲವರು ಛಂದಸ್ಸೂ ಗೊತ್ತಿದ್ದು ಪುಟವಿನ್ಯಾಸವೂ ಗೊತ್ತಿದ್ದವರು ಮಾತ್ರ.

ತಂತ್ರಾಂಶ ತಂದಿಡುವ ಇಂಥ ತಪ್ಪು ಕನ್ನಡದ್ದಷ್ಟೇ ಅಲ್ಲ. ಎಕ್ಸೆಲ್ ಕೆಲವು ಜೀನ್‌ಗಳ ಸಂಕ್ಷಿಪ್ತ ಹೆಸರನ್ನು ಮಾರ್ಚ್, ಸೆಪ್ಟೆಂಬರ್ ತಿಂಗಳ ದಿನಾಂಕಗಳೆಂದು ತಿಳಿದು ತಾನೇ ಬದಲಿಸಿಬಿಡುತ್ತಿತ್ತು. ಜೀನ್ ಪಟ್ಟಿಗಳನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಲೇಖನಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಇಂಥ ದೋಷವಿದೆ ಎಂದು 2016ರಲ್ಲಿ ‘ಜೀನೋಮ್ ಬಯಾಲಜಿ’ಯ ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ನಾಮಕರಣ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸಿತು. ಆ ಕ್ಷೇತ್ರ ತಪ್ಪನ್ನು ಎಣಿಸಿತು, ದಾಖಲಿಸಿತು, ಪರಿಹಾರ ಹುಡುಕಿತು. ಕನ್ನಡ ಸಂಶೋಧನೆಯ ಲೋಕ ಇನ್ನೂ ಎಣಿಸುವ ಕೆಲಸಕ್ಕೇ ಇಳಿದಿಲ್ಲ.

ಅಕ್ಷರದಿಂದ ಕಾಗದಕ್ಕೆ ಬಂದರೆ ಅಲ್ಲಿನ ಲೆಕ್ಕಾಚಾರ ಬೇರೆ. ಡೆಮಿ 1/8 ಅಳತೆಯ ಪತ್ರಿಕೆ ಅಚ್ಚಾಗುವುದು 16 ಪುಟದ ಫಾರಂಗಳಲ್ಲಿ. ಹಾಳೆಯ ಒಂದು ಬದಿಗೆ 1, 4, 5, 8, 9, 12, 13, 16ನೇ ಪುಟಗಳು. ಉಳಿದ ಎಂಟು ಇನ್ನೊಂದು ಬದಿಗೆ. ಮಡಚಿದಾಗಲೇ ಪುಟಗಳು ಸಾಲಿಗೆ ಬರುತ್ತವೆ. ಸಂಚಿಕೆ 128 ಪುಟಕ್ಕೆ ನಿಂತರೆ ಸರಿಯಾಗಿ ಎಂಟು ಫಾರಂ. ಕೊನೆಯ ಗಳಿಗೆಯಲ್ಲಿ ಲೇಖಕರೊಬ್ಬರು ಅಡಿಟಿಪ್ಪಣಿ ಸೇರಿಸಿ ಅದು 130ಕ್ಕೆ ಏರಿದರೆ, ಎರಡು ಪುಟಕ್ಕಾಗಿ ಇನ್ನೊಂದು ತುಂಡು ಹಾಳೆ, ಇನ್ನೊಂದು ಪ್ಲೇಟು, ಹೊಲಿಗೆಯಲ್ಲಿ ಇನ್ನೊಂದು ತೊಡಕು. ಪ್ಲೇಟ್ ಆದ ಮೇಲೆ ಒಂದೇ ಒಂದು ಹೆಸರಿನ ಕಾಗುಣಿತ ತಿದ್ದಬೇಕೆಂದರೂ ಎಂಟು ಪುಟದ ಪ್ಲೇಟನ್ನು ಹೊಸದಾಗಿ ಮಾಡಿಸಬೇಕು. ಕೆಲವೇ ನೂರು ಪ್ರತಿ ಅಚ್ಚಾಗುವ ಪತ್ರಿಕೆಯಲ್ಲಿ ಕಾಗದಕ್ಕಿಂತ ಇಂಥ ಮರುಕೆಲಸವೇ ದುಬಾರಿ. ಎರಡನೇ ಕರಡಿನ ನಂತರ ಲೇಖಕರ ಬದಲಾವಣೆಗೆ ಬಾಗಿಲು ಮುಚ್ಚುವುದು ಈ ಕಾರಣಕ್ಕೆ. ಆ ಬಾಗಿಲು ಮುಚ್ಚುವ ಅಧಿಕಾರ ಡಿಟಿಪಿ ಆಪರೇಟರಿಗೆ ಇರುವುದಿಲ್ಲ. ಹಿರಿಯ ಪ್ರಾಧ್ಯಾಪಕರು ಫೋನ್ ಮಾಡಿ ‘ಒಂದು ಪ್ಯಾರಾ ಸೇರಿಸಪ್ಪಾ’ ಎಂದರೆ ಅವರು ಸೇರಿಸಲೇಬೇಕು.

ಇನ್ನು ಮುಖಪುಟದ ಮೂಲೆಯ ಐಎಸ್‌ಎಸ್‌ಎನ್. ಎಂಟು ಅಂಕಿಯ ಈ ಸಂಖ್ಯೆ ಪತ್ರಿಕೆಯ ಗುರುತು, ಗುಣಮಟ್ಟದ ಮುದ್ರೆಯಲ್ಲ. ಅದರ ಕೊನೆಯ ಅಂಕಿ ಮೊದಲ ಏಳರ ತಾಳೆಗಾಗಿ ಇರುವಂಥದು. ಬೆಂಗಳೂರಿನಿಂದ 1932ರಿಂದ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಸಂಖ್ಯೆ 0011-3891. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 65. ಹನ್ನೊಂದರಿಂದ ಭಾಗಿಸಿದರೆ ಶೇಷ 10. ಹನ್ನೊಂದರಲ್ಲಿ ಹತ್ತು ಕಳೆದರೆ 1. ಅದೇ ಕೊನೆಯ ಅಂಕಿ. 8 ಮತ್ತು 9 ಅದಲುಬದಲಾದರೆ ಲೆಕ್ಕ ಕೂಡಲೇ ತಪ್ಪುತ್ತದೆ. ಅರ್ಧ ನಿಮಿಷದ ಕೆಲಸ. ಮುದ್ರಿತ ಆವೃತ್ತಿಗೊಂದು, ಅಂತರ್ಜಾಲ ಆವೃತ್ತಿಗೊಂದು ಪ್ರತ್ಯೇಕ ಸಂಖ್ಯೆ ಬೇಕು ಎಂಬುದೂ ನಿಯಮ. ಸಂಪುಟ, ಸಂಚಿಕೆ, ಪುಟಸಂಖ್ಯೆಗಳ ಕತೆಯೂ ಇಷ್ಟೇ. ಸಂಪುಟದುದ್ದಕ್ಕೂ ಪುಟಸಂಖ್ಯೆ ಮುಂದುವರಿಸುವ ಪತ್ರಿಕೆ ಎರಡನೇ ಸಂಚಿಕೆಯನ್ನು ಮತ್ತೆ ಒಂದರಿಂದ ಶುರುಮಾಡಿದರೆ, ಒಂದೇ ಸಂಪುಟದಲ್ಲಿ ಎರಡು 45ನೇ ಪುಟಗಳು ಹುಟ್ಟುತ್ತವೆ. ಮುಂದೆ ಉಲ್ಲೇಖಿಸುವವರೆಲ್ಲ ಓದುಗರನ್ನು ದಾರಿ ತಪ್ಪಿಸುತ್ತಾರೆ.

ಇದನ್ನೆಲ್ಲ ಹೊರಗಿನಿಂದ ನೋಡುವವರೂ ಇಲ್ಲ. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯತಕಾಲಿಕೆಗಳ ನೋಂದಣಿ ಕಾಯ್ದೆ ವೈಜ್ಞಾನಿಕ, ತಾಂತ್ರಿಕ, ಶೈಕ್ಷಣಿಕ ಪತ್ರಿಕೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದು ಸರಿಯಾದ ನಿಲುವೇ. ವಿದ್ವತ್ತಿಗೆ ಸರ್ಕಾರದ ರುಜು ಬೇಕಿಲ್ಲ. ಆದರೆ ಆಗ ಹೊಣೆ ಪೂರ್ತಿಯಾಗಿ ಸಂಪಾದಕರ ಮೇಲೆ ಬೀಳುತ್ತದೆ.

ಮೊಳೆ ಜೋಡಿಸುವ ಕಾಲದಲ್ಲಿ ಈ ಹೊಣೆ ಹಂಚಿಹೋಗಿತ್ತು. ಕನ್ನಡ ಸಾಹಿತ್ಯ ಪರಿಷತ್ತು ತನ್ನ ಪತ್ರಿಕೆ ಆರಂಭಿಸಿದ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ ಹೊರತಂದ ದಿನಗಳಲ್ಲಿ ಅಚ್ಚಿನ ಮನೆಯಲ್ಲಿ ಕಂಪೋಸಿಟರ್ ಬೇರೆ, ಕರಡು ತಿದ್ದುವವರು ಬೇರೆ. ಅಕ್ಷರ ಜೋಡಿಸಿದ ಕೈ ಒಂದು, ಓದಿದ ಕಣ್ಣು ಇನ್ನೊಂದು. ಡಿಟಿಪಿ ಬಂದ ಮೇಲೆ ಟೈಪ್ ಮಾಡುವುದು, ಪುಟ ಕಟ್ಟುವುದು, ತಿದ್ದುವುದು ಒಬ್ಬರ ಮೇಜಿಗೇ ಬಂದವು. ಕರಡು ತಿದ್ದುವವರ ಕುರ್ಚಿ ಸದ್ದಿಲ್ಲದೆ ಖಾಲಿಯಾಯಿತು. ಸಂಬಳದ ಉಳಿತಾಯ ಎಂದು ಆಡಳಿತಗಳು ಸುಮ್ಮನಿದ್ದವು.

ಮುದ್ರಣವೇ ಮುಗಿಯುತ್ತಿರುವಾಗ ಈ ತಲೆನೋವು ಯಾಕೆ ಎಂಬ ಆಕ್ಷೇಪವಿದೆ. ಅದರಲ್ಲಿ ಅರ್ಧ ಸತ್ಯವಿದೆ: ಗ್ರಂಥಾಲಯಗಳು ಮುದ್ರಿತ ಪ್ರತಿ ತರಿಸುವುದು ಕಡಿಮೆಯಾಗಿದೆ. ಆದರೆ ಜಾಲತಾಣಕ್ಕೆ ಏರುವ ಪಿಡಿಎಫ್ ಬಹುಪಾಲು ಅಚ್ಚಿಗೆ ಕಟ್ಟಿದ ಅದೇ ಪುಟ. ಹಳೆಯ ಫಾಂಟಿನಲ್ಲಿ ಕಟ್ಟಿದ್ದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಶೋಧಯಂತ್ರದ ಮಟ್ಟಿಗೆ ಆ ಲೇಖನ ಹುಟ್ಟಿಯೇ ಇಲ್ಲ. ಅಮೆರಿಕದ ಮಾನದಂಡ ಸಂಸ್ಥೆ ನಿಸೊ 2008ರಲ್ಲೇ ‘ಸ್ವೀಕೃತ ಹಸ್ತಪ್ರತಿ’ ಮತ್ತು ‘ದಾಖಲೆಯ ಆವೃತ್ತಿ’ ಎಂದು ಲೇಖನದ ಎರಡು ಘಟ್ಟಗಳನ್ನು ಬೇರ್ಪಡಿಸಿತು. ಸಂಪಾದನೆ, ಪುಟವಿನ್ಯಾಸ ಮುಗಿಸಿ ಪ್ರಕಾಶಕರು ಹೊಣೆ ಹೊತ್ತು ಹೊರತಂದದ್ದು ಎರಡನೆಯದು. ಕಾಗದವಿರಲಿ, ಪರದೆಯಿರಲಿ, ಆ ಘಟ್ಟವನ್ನು ಹಾರಿ ಹೋಗುವಂತಿಲ್ಲ.

ದುಡ್ಡಿನ ಆಕ್ಷೇಪ ಇದಕ್ಕಿಂತ ಗಟ್ಟಿ. ವರ್ಷಕ್ಕೆ ಎರಡು ಸಂಚಿಕೆ ತರುವ ಪತ್ರಿಕೆಗೆ ಪೂರ್ಣಾವಧಿ ಹುದ್ದೆ ಕೇಳುವುದು ಅತಿಯಾಯಿತು. ಆದರೆ ಮೈಸೂರು, ಧಾರವಾಡ, ಬೆಂಗಳೂರು, ಹಂಪಿಯ ವಿಶ್ವವಿದ್ಯಾಲಯಗಳಿಗೆ ಪ್ರಸಾರಾಂಗಗಳಿವೆ. ಪ್ರಸಾರಾಂಗಕ್ಕೊಬ್ಬ ಪ್ರಕಟಣಾ ಸಂಪಾದಕರಿದ್ದರೆ ಅಲ್ಲಿನ ಪತ್ರಿಕೆಗಳಿಗೂ ಪುಸ್ತಕಗಳಿಗೂ ಒಬ್ಬರೇ ಸಾಕು. ಹುದ್ದೆ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಲೇಖನಗಳನ್ನು ಯೂನಿಕೋಡ್‌ನಲ್ಲಷ್ಟೇ ಸ್ವೀಕರಿಸುವುದು. ಇನ್‌ಡಿಸೈನ್‌ನಂಥ ತಂತ್ರಾಂಶ ಭಾರತೀಯ ಲಿಪಿಗಳನ್ನು ಯೂನಿಕೋಡ್‌ನಲ್ಲೇ ಕಟ್ಟಬಲ್ಲದು ಎಂಬುದನ್ನು ಅಚ್ಚುಕೂಟದ ಕರಾರಿನಲ್ಲಿ ಷರತ್ತಾಗಿ ಬರೆಯುವುದು. ಕಾಗುಣಿತ, ಉಲ್ಲೇಖ ಕ್ರಮ, ಅಂಕಿ-ದಿನಾಂಕಗಳ ಬಗ್ಗೆ ಎರಡು ಪುಟದ ನಿಯಮಪಟ್ಟಿ ಮಾಡಿ ಲೇಖಕರಿಗೆ ಮೊದಲೇ ಕಳಿಸುವುದು. ಮುದ್ರಣದ ದರವನ್ನೂ ಕರಡು ತಿದ್ದುವ ಸಂಭಾವನೆಯನ್ನೂ ಬೇರೆ ಬೇರೆ ಬಾಬತ್ತಾಗಿ ತೋರಿಸುವುದು. ಎರಡನ್ನೂ ಸೇರಿಸಿ ಕನಿಷ್ಠ ದರಕ್ಕೆ ಟೆಂಡರ್ ಕರೆದರೆ ಮೊದಲು ಕತ್ತರಿ ಬೀಳುವುದು ಕರಡಿಗೇ. ತಪ್ಪಾದಲ್ಲಿ ಮುಂದಿನ ಸಂಚಿಕೆಯಲ್ಲಿ ಒಪ್ಪೋಲೆ ಹಾಕಿ, ಜಾಲತಾಣದ ಪಿಡಿಎಫ್‌ಗೂ ಅದನ್ನು ಲಗತ್ತಿಸುವುದು ಕೂಡ ರೂಢಿಯಾಗಬೇಕು.

ಕುಲಪತಿಗಳು, ಪ್ರಸಾರಾಂಗದ ನಿರ್ದೇಶಕರು ಮುಂದಿನ ಬಜೆಟ್ ಸಭೆಗೆ ಹೋಗುವಾಗ ತಮ್ಮ ಪತ್ರಿಕೆಯ ಕಳೆದೆರಡು ಸಂಚಿಕೆಗಳನ್ನು ಜೊತೆಗೆ ಒಯ್ಯಲಿ. ಪರಿವಿಡಿಯ ಪುಟಸಂಖ್ಯೆ ಒಳಪುಟಕ್ಕೆ ತಾಳೆಯಾಗುತ್ತದೆಯೇ, ಐಎಸ್‌ಎಸ್‌ಎನ್ ಲೆಕ್ಕಕ್ಕೆ ಕೂರುತ್ತದೆಯೇ, ಪಿಡಿಎಫ್‌ನಲ್ಲಿ ಲೇಖಕರ ಹೆಸರು ಹುಡುಕಿದರೆ ಸಿಗುತ್ತದೆಯೇ ಎಂದು ಸದಸ್ಯರ ಎದುರಲ್ಲೇ ನೋಡಲಿ. ಕರಡು ನೋಡಿದವರ ಹೆಸರನ್ನು ಸಂಪಾದಕ ಮಂಡಳಿಯ ಜೊತೆಯಲ್ಲೇ ಅಚ್ಚು ಹಾಕುವ, ಆ ಕೆಲಸಕ್ಕೆ ಸಂಬಳ ಕೊಡುವ ನಿರ್ಣಯವನ್ನು ಅದೇ ಸಭೆಯಲ್ಲಿ ಕೈಗೊಳ್ಳಲಿ.